ಮಗ ಮಾತಾಡುವುದಿಲ್ಲ: ಅದು ಸ್ವಭಾವವೋ, ಸಂಕಟವೋ?

ಪ್ರಶ್ನೆ: ನಾವು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯವರು. ಸ್ವಲ್ಪ ಮಾವಿನ ತೋಪು, ಒಂದೂವರೆ ಎಕರೆ ಟೊಮೆಟೊ, ಎರಡು ಹಸು ಇವೆ. ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ 24. ಒಳ್ಳೆ ಮಾತುಗಾರ. ಕೋಲಾರದ ಮಂಡಿಗೆ ಹೋದರೆ ಜಗಳ ಆಡಿಯಾದರೂ ರೇಟು ತರುತ್ತಾನೆ. ಚಿಕ್ಕವನಿಗೆ 19, ಬಿ.ಕಾಂ ಎರಡನೇ ವರ್ಷ. ಚಿಕ್ಕಂದಿನಿಂದಲೂ ಮಾತು ಕಡಿಮೆ. ನೆಂಟರು ಬಂದರೆ ಮೆಲ್ಲಗೆ ಕೊಟ್ಟಿಗೆ ಕಡೆ ಹೋಗಿಬಿಡುತ್ತಿದ್ದ. ಆದರೆ ಡೇರಿಗೆ ಹಾಕಿದ ಹಾಲಿನ ಲೆಕ್ಕ ಬರೆದಿಡುವುದು, ಕರುವಿಗೆ ಹುಷಾರಿಲ್ಲದಿದ್ದರೆ ರಾತ್ರಿಯೆಲ್ಲ ಕೂರುವುದು ಅವನೇ. ಈಗ ನಾಲ್ಕೈದು ತಿಂಗಳಿಂದ ಆ ಲೆಕ್ಕವನ್ನೂ ಬಿಟ್ಟಿದ್ದಾನೆ. ಕಾಲೇಜಿಗೆ ವಾರಕ್ಕೆ ಎರಡು ಮೂರು ದಿನ ಹೋದರೆ ಹೆಚ್ಚು. ನಮ್ಮ ಜೊತೆ ಊಟಕ್ಕೆ ಕೂರುವುದಿಲ್ಲ. ರಾತ್ರಿ ಎರಡು ಗಂಟೆಯಾದರೂ ಎದ್ದಿರುತ್ತಾನೆ. ನನ್ನ ಮೈದುನನೂ ಮಾತು ಕಡಿಮೆಯವನು. ಕುಡಿತಕ್ಕೆ ಬಿದ್ದು, 32ನೇ ವಯಸ್ಸಿಗೆ ತಾನೇ ಜೀವ ತೆಗೆದುಕೊಂಡ. ಮನೆಯಲ್ಲಿ ಆ ವಿಷಯ ಯಾರೂ ಎತ್ತುವುದಿಲ್ಲ. ಆದರೆ ನಮ್ಮತ್ತೆ ಚಿಕ್ಕವನನ್ನು ನೋಡಿದಾಗಲೆಲ್ಲ ‘ಥೇಟ್ ಅವನ ಚಿಕ್ಕಪ್ಪನೇ’ ಅನ್ನುತ್ತಾರೆ. ಶಾಲೆಯಲ್ಲಿದ್ದಾಗ ಬೆರಳಚ್ಚು ಪರೀಕ್ಷೆ ಮಾಡಿಸಿದ್ದೆವು. ‘ಅಂತರ್ಮುಖಿ, ನಾಯಕತ್ವ ಗುಣ ಇಲ್ಲ’ ಅಂತ ಬಂತು. ಜಾತಕದಲ್ಲೂ ಹಾಗೇ ಇದೆಯಂತೆ. ಯಜಮಾನರು ನರಸಾಪುರದ ಫ್ಯಾಕ್ಟರಿಗೆ ಸೇರಿಸೋಣ ಅನ್ನುತ್ತಾರೆ. ದೊಡ್ಡವನು ಪರ್ಸನಾಲಿಟಿ ಡೆವಲಪ್‌ಮೆಂಟ್ ಕ್ಲಾಸಿಗೆ ಹಾಕೋಣ ಅನ್ನುತ್ತಾನೆ. ಅತ್ತೆ ಇನ್ನೆರಡು ವರ್ಷಕ್ಕೆ ಮೂಗುದಾರ ಹಾಕಿದರೆ ಸರಿಹೋಗುತ್ತಾನೆ ಅನ್ನುತ್ತಾರೆ. ಹುಟ್ಟಿನಿಂದ ಬಂದ ಗುಣ ಬದಲಾಗುತ್ತದಾ? ಚಿಕ್ಕಪ್ಪನ ವಿಷಯ ಅವನಿಗೆ ಹೇಳಬೇಕಾ, ಬೇಡವಾ?

ಉತ್ತರ: ಅಮ್ಮ, ನಿಮ್ಮ ಪತ್ರದಲ್ಲಿ ಎರಡು ವಿಷಯಗಳು ಒಂದರೊಳಗೊಂದು ಸೇರಿಕೊಂಡಿವೆ. ಒಂದು, ಮಗನ ಸ್ವಭಾವ. ಅದು ಹುಟ್ಟಿದಾಗಿನಿಂದ ಇರುವಂಥದ್ದು. ಇನ್ನೊಂದು, ನಾಲ್ಕೈದು ತಿಂಗಳಿಂದ ಕಾಣುತ್ತಿರುವ ಬದಲಾವಣೆ. ಮನೆಯವರೆಲ್ಲ ಮೊದಲನೆಯದರ ಬಗ್ಗೆ ತಲೆ ಕೆಡಿಸಿಕೊಂಡಿದ್ದೀರಿ. ಮನೋವೈದ್ಯನಾಗಿ ನನಗೆ ಚಿಂತೆ ಇರುವುದು ಎರಡನೆಯದರ ಬಗ್ಗೆ.

ಬೇರೆಲ್ಲ ಮಾತಿಗಿಂತ ಮೊದಲು ಒಂದು ಕೆಲಸ ಮಾಡಿ. ಟೊಮೆಟೊಗೆ ಹೊಡೆಯುವ ಔಷಧಿ ಎಲ್ಲಿಟ್ಟಿದ್ದೀರಿ? ನಮ್ಮ ಕಡೆ ಕೊಟ್ಟಿಗೆಯ ಮೂಲೆಯಲ್ಲೋ, ಪಂಪ್‌ಸೆಟ್ ಮನೆಯಲ್ಲೋ ಸುಮ್ನೆ ಇಟ್ಟಿರುತ್ತಾರೆ. ಇವತ್ತೇ ಅಷ್ಟನ್ನೂ ಒಂದು ಪೆಟ್ಟಿಗೆಗೆ ಹಾಕಿ ಬೀಗ ಹಾಕಿ. ಬೀಗದ ಕೈ ನಿಮ್ಮ ಹತ್ತಿರ ಅಥವಾ ದೊಡ್ಡ ಮಗನ ಹತ್ತಿರ ಇರಲಿ. ನಿಮ್ಮ ಹುಡುಗ ಏನೋ ಮಾಡಿಕೊಳ್ಳುತ್ತಾನೆ ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ಹಿಂದೆ ಒಬ್ಬರು ಹಾಗೆ ಹೋಗಿದ್ದಾರೆ. ಈಗ ಒಬ್ಬ ಹುಡುಗನಿಗೆ ಊಟ, ನಿದ್ದೆ, ಕಾಲೇಜು ಯಾವುದೂ ನೆಟ್ಟಗಿಲ್ಲ. ಇಷ್ಟಿದ್ದರೆ ಯಾವ ರೈತರ ಮನೆಗಾದರೂ ನಾನು ಮೊದಲು ಹೇಳುವುದು ಇದನ್ನೇ. ಸಾಯಬೇಕು ಅನ್ನುವ ಯೋಚನೆ ಎಷ್ಟೋ ಜನರಿಗೆ ಸ್ವಲ್ಪ ಹೊತ್ತು ಜೋರಾಗಿ ಬಂದು ಆಮೇಲೆ ಇಳಿಯುತ್ತದೆ. ಆ ಹೊತ್ತಿನಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ ತೀರಾ ಅಪಾಯಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಬಂದರು. 1995ರಿಂದ 2015ರ ನಡುವೆ ಅಲ್ಲಿನ ಆತ್ಮಹತ್ಯೆ ಪ್ರಮಾಣ ಸುಮಾರು ಶೇ 70ರಷ್ಟು ಇಳಿಯಿತು. ಹಾಗಾಗಿ ಬೀಗದ ವಿಷಯವನ್ನು ನಾಳೆಗೆ ಇಡಬೇಡಿ.

ಈಗ ಸ್ವಭಾವದ ಮಾತಿಗೆ ಬರೋಣ.

ನಮ್ಮ ಹಿರಿಯರು ಇದರ ಬಗ್ಗೆ ಒಂದೇ ಮಾತು ಹೇಳಿಲ್ಲ. ‘ಹುಟ್ಟುಗುಣ ಸುಟ್ಟರೂ ಹೋಗದು’ ಅಂದರು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಅಂತಲೂ ಅಂದರು. ‘ಸಹವಾಸದೋಷದಿಂದ ಸನ್ಯಾಸಿ ಕೆಟ್ಟ’ ಅನ್ನುವುದೂ ಅವರದೇ. ಮೊದಲನೆಯದು ಎಲ್ಲ ಹುಟ್ಟಿನಲ್ಲೇ ಇದೆ ಅನ್ನುತ್ತದೆ. ಎರಡನೆಯದು ಬೆಳೆಸುವುದರಲ್ಲಿದೆ ಅನ್ನುತ್ತದೆ. ಮೂರನೆಯದು ಜೊತೆಗಾರರಲ್ಲಿದೆ ಅನ್ನುತ್ತದೆ. ಮೂರರಲ್ಲೂ ಅಷ್ಟಷ್ಟು ನಿಜ ಇದೆ. ತೊಂದರೆ ಶುರುವಾಗುವುದು ಮನೆಯವರು ಒಂದನ್ನೇ ಹಿಡಿದುಕೊಂಡು ಕೂತಾಗ. ನಿಮ್ಮ ಮನೆಯಲ್ಲಿ ಮೊದಲನೆಯದನ್ನು ಹಿಡಿದಿದ್ದೀರಿ.

‘ಚಿಕ್ಕಪ್ಪನ ಗುಣ ಬಂದಿದೆ’ ಅನ್ನುವುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಚಿಕ್ಕಪ್ಪನಿಗೂ ಅಣ್ಣನ ಮಗನಿಗೂ ಸರಾಸರಿ ಕಾಲುಭಾಗದಷ್ಟು ಜೀನ್‌ಗಳು ಒಂದೇ ಇರುತ್ತವೆ. ಈ ಕಾಲುಭಾಗ ಚಿಕ್ಕ ಮಗನಿಗೆ ಮಾತ್ರ ಅಲ್ಲ, ಸರಾಸರಿ ಲೆಕ್ಕದಲ್ಲಿ ದೊಡ್ಡವನಿಗೂ ಅಷ್ಟೇ. ಆದರೆ ಮಂಡಿಯಲ್ಲಿ ಗಲಾಟೆ ಮಾಡುವ ದೊಡ್ಡವನನ್ನು ನೋಡಿ ಯಾರಾದರೂ ಚಿಕ್ಕಪ್ಪನನ್ನು ನೆನೆಸಿಕೊಳ್ಳುತ್ತಾರಾ? ಇಲ್ಲ. ಮಾತು ಕಡಿಮೆ ಅನ್ನುವ ಒಂದು ಹೋಲಿಕೆ ಕಣ್ಣಿಗೆ ಬಿತ್ತು. ಅದರ ಹಿಂದೆ ಕುಡಿತ, ಸಾವು ಎಲ್ಲವನ್ನೂ ತಂದು ಆ ಹುಡುಗನ ತಲೆಗೆ ಕಟ್ಟಿದ್ದೀರಿ.

ಇವತ್ತು ವ್ಯಕ್ತಿತ್ವವನ್ನು ಅಧ್ಯಯನ ಮಾಡುವವರು ಹೆಚ್ಚಾಗಿ ಐದು ಅಳತೆಗಳನ್ನು ನೋಡುತ್ತಾರೆ. ಜನರ ಜೊತೆ ಎಷ್ಟು ಬೆರೆಯುತ್ತಾನೆ, ಹಿಡಿದ ಕೆಲಸವನ್ನು ಎಷ್ಟು ಅಚ್ಚುಕಟ್ಟಾಗಿ ಮಾಡುತ್ತಾನೆ, ಬೇರೆಯವರ ಬಗ್ಗೆ ಎಷ್ಟು ಮರುಕ, ಹೊಸದರ ಬಗ್ಗೆ ಎಷ್ಟು ಕುತೂಹಲ, ಮನಸ್ಸು ಎಷ್ಟು ಬೇಗ ಕಲಕುತ್ತದೆ. ನೀವು ನೋಡುತ್ತಿರುವುದು ಮೊದಲನೆಯದನ್ನು ಮಾತ್ರ. ನೀವೇ ಬರೆದ ಹಾಲಿನ ಲೆಕ್ಕ ಎರಡನೆಯದಕ್ಕೆ ಸೇರುತ್ತದೆ. ಕರುವಿನ ಪಕ್ಕ ರಾತ್ರಿಯೆಲ್ಲ ಕೂತಿದ್ದು ಮೂರನೆಯದು. ಈ ಹುಡುಗ ಯಾರು ಅಂತ ನಿಮ್ಮ ಅತ್ತೆಯವರ ಮಾತಿಗಿಂತ ಚೆನ್ನಾಗಿ ಈ ಎರಡು ಸಂಗತಿ ಹೇಳುತ್ತವೆ.

ಹಾಗಾದರೆ ಹುಟ್ಟಿನ ಪಾಲು ಎಷ್ಟು? ಅವಳಿ ಮಕ್ಕಳ ಅಧ್ಯಯನಗಳಿಂದ ಇದಕ್ಕೆ ಒಂದು ಅಂದಾಜು ಸಿಕ್ಕಿದೆ. ಅಮೆರಿಕದ ಮಿನ್ನೆಸೋಟದಲ್ಲಿ 1979ರಲ್ಲಿ ಥಾಮಸ್ ಬುಷಾರ್ಡ್ ಎಂಬ ಮನಶ್ಶಾಸ್ತ್ರಜ್ಞ ಇಂಥ ಒಂದು ಅಧ್ಯಯನ ಶುರು ಮಾಡಿದರು. ಚಿಕ್ಕಂದಿನಲ್ಲೇ ಬೇರೆಯಾಗಿ ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳನ್ನು ಹುಡುಕಿ ಕರೆಸಿದರು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳು ಬೇರೆ ಮನೆಯಲ್ಲಿ ಬೆಳೆದರೂ ಸ್ವಭಾವದಲ್ಲಿ ಸಾಕಷ್ಟು ಹೋಲುತ್ತಿದ್ದರು. ಅಂದಿನಿಂದ ಇಂದಿನವರೆಗಿನ ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ನೋಡಿದರೆ, ಜನರ ನಡುವೆ ಸ್ವಭಾವದಲ್ಲಿ ಕಾಣುವ ವ್ಯತ್ಯಾಸದಲ್ಲಿ ಸುಮಾರು ಶೇ 40ರಿಂದ 50ರಷ್ಟಕ್ಕೆ ಜೀನ್‌ಗಳು ಕಾರಣ. ‘ನನ್ನ ಮಗನಲ್ಲಿ ಅರ್ಧ ಹುಟ್ಟಿನಿಂದ, ಅರ್ಧ ಬೆಳೆದಿದ್ದರಿಂದ’ ಅಂತ ಇದನ್ನು ಓದಿಕೊಳ್ಳಬೇಡಿ. ಒಬ್ಬ ಮನುಷ್ಯನನ್ನು ಹಾಗೆ ಪಾಲು ಮಾಡಲು ಬರುವುದಿಲ್ಲ. ಒಂದು ದೊಡ್ಡ ಗುಂಪಿನಲ್ಲಿ ಜನ ಒಬ್ಬರಿಗಿಂತ ಒಬ್ಬರು ಯಾಕೆ ಬೇರೆ ಅನ್ನುವುದರ ಲೆಕ್ಕ ಅದು. ‘ಮೌನದ ಜೀನ್’, ‘ಕುಡುಕರ ಜೀನ್’ ಅಂತ ಒಂದೇ ಒಂದು ಇಲ್ಲ. ಸಾವಿರಾರು ಜೀನ್‌ಗಳು ಒಂದೊಂದೂ ಚೂರು ಚೂರು ಪ್ರಭಾವ ಬೀರುತ್ತವೆ.

ಹುಟ್ಟಿನಿಂದ ಬರುವುದು ಸ್ವಭಾವದ ಒಂದು ಒಲವು, ಅಷ್ಟೇ. ಅದನ್ನು ಕೂಸಿನಲ್ಲೇ ನೋಡಬಹುದು. ಹಾರ್ವರ್ಡ್ ವಿಶ್ವವಿದ್ಯಾಲಯದ ಜೆರೋಮ್ ಕಾಗನ್ ನಾಲ್ಕು ತಿಂಗಳ ಕೂಸುಗಳಿಗೆ ಹೊಸ ಆಟಿಕೆ ತೋರಿಸಿದರು, ಹೊಸ ದನಿ ಕೇಳಿಸಿದರು. ಹೆಚ್ಚಿನ ಕೂಸುಗಳು ಸುಮ್ಮನೆ ನೋಡಿದವು. ಐದರಲ್ಲಿ ಒಂದರಷ್ಟು ಕೂಸುಗಳು ಕೈಕಾಲು ಒದರಿ ಅತ್ತವು. ಇಂಥ ಮಕ್ಕಳು ಆಮೇಲೆ ಹೊಸಬರ ಮುಂದೆ ಹಿಂಜರಿಯುವುದು ಜಾಸ್ತಿ. ಆದರೆ ಅವರನ್ನು ವರ್ಷಾನುಗಟ್ಟಲೆ ಗಮನಿಸಿದಾಗ, ಎಷ್ಟೋ ಜನ ದೊಡ್ಡವರಾಗುವ ಹೊತ್ತಿಗೆ ಅಷ್ಟೇನೂ ಸಂಕೋಚದವರಾಗಿ ಉಳಿದಿರಲಿಲ್ಲ. ಒಲವು ಇದ್ದೇ ಇತ್ತು, ದಾರಿ ಮಾತ್ರ ಬೇರೆ ಬೇರೆಯಾಯಿತು.

ಆ ದಾರಿ ಯಾಕೆ ಬೇರೆಯಾಗುತ್ತದೆ? ಇದಕ್ಕೆ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ವೈದ್ಯ ದಂಪತಿ ಹೇಳಿದ ಮಾತು ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ಅವರು 1956ರಲ್ಲಿ ನ್ಯೂಯಾರ್ಕ್‌ನಲ್ಲಿ ನೂರಕ್ಕೂ ಹೆಚ್ಚು ಮಕ್ಕಳನ್ನು ಕೂಸಿನಿಂದಲೇ ಗಮನಿಸಲು ಶುರು ಮಾಡಿದರು. ಅವರಲ್ಲಿ ಶೇ 15ರಷ್ಟು ಮಕ್ಕಳು ನಿಧಾನವಾಗಿ ಹೊಂದಿಕೊಳ್ಳುವವರು. ಹೊಸ ಜಾಗ, ಹೊಸ ಜನ ಅಂದರೆ ಮೊದಲು ಹಿಂದೆ ಸರಿಯುತ್ತಾರೆ. ಒತ್ತಾಯ ಮಾಡದಿದ್ದರೆ ಆಮೇಲೆ ತಾವೇ ಹತ್ತಿರ ಬರುತ್ತಾರೆ. ಇಂಥ ಮಕ್ಕಳೆಲ್ಲರಿಗೂ ಮುಂದೆ ತೊಂದರೆಯಾಗಲಿಲ್ಲ. ಮಗುವಿನ ಸ್ವಭಾವಕ್ಕೂ ಮನೆಯವರು ಅದರಿಂದ ಬಯಸುವುದಕ್ಕೂ ಹೊಂದಿಕೆ ಇಲ್ಲದ ಕಡೆ ತೊಂದರೆ ಜಾಸ್ತಿಯಾಯಿತು.

ನೆಂಟರು ಬಂದಾಗ ಕೊಟ್ಟಿಗೆಗೆ ಹೋಗುವ ಹುಡುಗನನ್ನು ನೆನೆಸಿಕೊಳ್ಳಿ. ಒಂದು ಮನೆಯಲ್ಲಿ ‘ಅವನು ಆಮೇಲೆ ಬರ್ತಾನೆ ಬಿಡಿ’ ಅಂತ ಸುಮ್ಮನಾಗುತ್ತಾರೆ. ಇನ್ನೊಂದು ಮನೆಯಲ್ಲಿ ಕೈ ಹಿಡಿದು ಎಳೆದು ತಂದು, ‘ಬಾಯಲ್ಲಿ ಕಡುಬು ಇಟ್ಕೊಂಡಿದ್ದೀಯಾ? ಅಣ್ಣನನ್ನ ನೋಡಿ ಕಲಿ’ ಅಂತ ಎಲ್ಲರ ಮುಂದೆ ಅನ್ನುತ್ತಾರೆ. ಹುಟ್ಟಿನ ಸ್ವಭಾವ ಇಬ್ಬರದೂ ಒಂದೇ. ಹತ್ತು ವರ್ಷ ಕಳೆದ ಮೇಲೆ ಮೊದಲನೆಯವನು ಮಾತು ಕಡಿಮೆಯವನಾಗಿರುತ್ತಾನೆ. ಎರಡನೆಯವನು ಮಾತು ಕಡಿಮೆಯವನೂ ಹೌದು, ತನ್ನಲ್ಲಿ ಏನೋ ಐಬಿದೆ ಅಂತ ನಂಬಿದವನೂ ಹೌದು.

ಒಂದೇ ತಾಯಿ ಮಕ್ಕಳು ಇಷ್ಟು ಬೇರೆ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅಣ್ಣತಮ್ಮಂದಿರಲ್ಲಿ ಸರಾಸರಿ ಅರ್ಧದಷ್ಟು ಜೀನ್ ಮಾತ್ರ ಒಂದೇ. ಇನ್ನು ಮನೆ ಒಂದೇ ಆದರೂ ಅದು ಇಬ್ಬರಿಗೂ ಒಂದೇ ಥರ ತಟ್ಟುವುದಿಲ್ಲ. ಮಾವು ಹೂ ಬಿಟ್ಟಾಗ ಮಳೆ ಬಿದ್ದರೆ ಹೂ ಉದುರುತ್ತದೆ. ಅದೇ ಮಳೆಗೆ ಪಕ್ಕದ ಸೀಮೆಹುಲ್ಲು ಎದ್ದು ನಿಲ್ಲುತ್ತದೆ. ಮೈದುನ ಹೋದಾಗ ನಿಮ್ಮ ಮಕ್ಕಳು ಎಷ್ಟು ದೊಡ್ಡವರಿದ್ದರು, ಯಾರು ಏನು ನೋಡಿದರು, ಯಾರನ್ನು ಯಾರು ಎತ್ತಿಕೊಂಡರು, ಯಾರಿಗೆ ಯಾರೂ ಏನೂ ಹೇಳಲಿಲ್ಲ? ಇಂಥ ಸಂಗತಿಗಳು ಒಂದೇ ಮನೆಯೊಳಗೆ ಎರಡು ಬೇರೆ ಬಾಲ್ಯ ಮಾಡುತ್ತವೆ. ‘ದೊಡ್ಡವರು ಹೀಗೆ, ಚಿಕ್ಕವರು ಹಾಗೆ’ ಅನ್ನುವ ಲೆಕ್ಕಕ್ಕೆ ಮಾತ್ರ ಬಲವಿಲ್ಲ. ಅಮೆರಿಕ, ಬ್ರಿಟನ್, ಜರ್ಮನಿಯ 20 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಷ್ಟನೆಯ ಮಗು ಅನ್ನುವುದಕ್ಕೂ ಎಷ್ಟು ಬೆರೆಯುವ ಸ್ವಭಾವ ಅನ್ನುವುದಕ್ಕೂ ಸಂಬಂಧ ಸಿಗಲಿಲ್ಲ.

ಬೆರಳಚ್ಚು ಪರೀಕ್ಷೆಯ ವರದಿಯನ್ನು ದಯವಿಟ್ಟು ಎತ್ತಿಡಿ. ಬೆರಳ ಗೆರೆಗಳು ತಾಯಿಯ ಹೊಟ್ಟೆಯಲ್ಲಿ ಮೂರನೇ ತಿಂಗಳ ಸುಮಾರಿಗೆ ಮೂಡಲು ಶುರುವಾಗಿ, ಆರನೇ ತಿಂಗಳ ಹೊತ್ತಿಗೆ ನಿಂತುಬಿಡುತ್ತವೆ. ಅವನ್ನು ನೋಡಿ ಹುಡುಗನ ಬುದ್ಧಿ, ನಾಯಕತ್ವ, ಯಾವ ಕೋರ್ಸ್ ಅಂತ ಹೇಳಲು ಸಾಧ್ಯವಿಲ್ಲ. ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಭಾರತೀಯ ಮನೋವೈದ್ಯರ ಸಂಘವೂ ಹೇಳಿದೆ. ನಮ್ಮ ಜಿಲ್ಲೆಯ ಎಷ್ಟೋ ತಂದೆ ತಾಯಿ ಬಣ್ಣದ ಫೈಲು ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಸಾಲದ ಕಂತಿಗೆ ಪರದಾಡುವವರೂ ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿರುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

‘ಆದರೆ ಅದರಲ್ಲಿ ಬರೆದಿದ್ದು ಸರಿಯಾಗೇ ಇದೆಯಲ್ಲ’ ಅಂತ ನಿಮಗೆ ಅನ್ನಿಸಬಹುದು. ಅದಕ್ಕೂ ಕಾರಣ ಇದೆ. 1948ರಲ್ಲಿ ಬರ್ಟ್ರಂ ಫೋರರ್ ಎಂಬ ಅಮೆರಿಕದ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಪ್ರತಿಯೊಬ್ಬರಿಗೂ ‘ಇದು ನಿಮ್ಮ ವ್ಯಕ್ತಿತ್ವ’ ಅಂತ ಒಂದು ಹಾಳೆ ಕೊಟ್ಟರು. ಎಷ್ಟು ಸರಿಯಾಗಿದೆ, ಐದಕ್ಕೆ ಅಂಕ ಕೊಡಿ ಅಂದರು. ಸರಾಸರಿ ನಾಲ್ಕಕ್ಕಿಂತ ಜಾಸ್ತಿ ಬಂತು. ಎಲ್ಲರ ಕೈಯಲ್ಲಿದ್ದದ್ದು ಒಂದೇ ಬರಹ. ಅದರ ಸಾಲುಗಳನ್ನು ಹೆಚ್ಚಾಗಿ ಒಂದು ಜ್ಯೋತಿಷ್ಯದ ಪುಸ್ತಕದಿಂದ ತೆಗೆದುಕೊಂಡಿದ್ದರು. ‘ಹೊರಗೆ ಧೈರ್ಯವಾಗಿ ಕಾಣುತ್ತೀರಿ, ಒಳಗೆ ಅಳುಕಿದೆ’ ಅಂದರೆ ಯಾರು ಇಲ್ಲ ಅನ್ನುತ್ತಾರೆ ಹೇಳಿ? ಜಾತಕದ ನಂಬಿಕೆ ನಿಮ್ಮದು, ಅದರ ಬಗ್ಗೆ ನಾನು ವಾದ ಮಾಡುವುದಿಲ್ಲ. ಹುಡುಗನ ಮುಂದೆ ಅದನ್ನು ತೀರ್ಪಿನ ಹಾಗೆ ಓದಬೇಡಿ, ಇಷ್ಟು ಕೇಳಿಕೊಳ್ಳುತ್ತೇನೆ.

ಇನ್ನು ‘ಅಂತರ್ಮುಖಿ’ ಅನ್ನುವ ಹಣೆಪಟ್ಟಿ. ಮಾತು ಕಡಿಮೆ ಇರುವವರಲ್ಲಿ ನಾನು ಮೂರು ಬೇರೆ ಬೇರೆ ಥರದವರನ್ನು ನೋಡುತ್ತೇನೆ. ಒಬ್ಬನಿಗೆ ಒಬ್ಬನೇ ಇರುವುದು ನಿಜವಾಗಿಯೂ ಇಷ್ಟ. ತೋಪಿನಲ್ಲಿ ಒಂದು ಸಂಜೆ ಕಳೆದು ಬಂದರೆ ಹಗುರವಾಗಿರುತ್ತಾನೆ. ಅವನಿಗೆ ಬೇಕಾಗಿರುವುದು ಮನೆಯವರ ಒಪ್ಪಿಗೆ ಮಾತ್ರ. ಇನ್ನೊಬ್ಬನಿಗೆ ಜನರ ಜೊತೆ ಸೇರುವ ಆಸೆ ಇದೆ, ಸಂಕೋಚ ಬಿಡುವುದಿಲ್ಲ. ಸ್ವಲ್ಪ ಪರಿಚಯ ಆದರೆ ಅವನೇ ಮಾತಾಡುತ್ತಾನೆ. ಮೂರನೆಯವನಿಗೆ ಭಯ. ಕ್ಲಾಸಿನಲ್ಲಿ ಹಾಜರಿ ಕೂಗುವಾಗ ತನ್ನ ನಂಬರ್ ಹತ್ತಿರ ಬಂದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ. ಸೆಮಿನಾರ್ ಇದೆ ಅಂದರೆ ಆ ದಿನ ಹೊಟ್ಟೆನೋವು. ಕ್ಯಾಂಟೀನಿನಲ್ಲಿ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅಂತ ಮಧ್ಯಾಹ್ನ ಉಪವಾಸ ಇರುತ್ತಾನೆ. ಇದು ಹದಿಹರೆಯದಲ್ಲಿ ಶುರುವಾಗುವ ಸಾಮಾಜಿಕ ಆತಂಕದ ಕಾಯಿಲೆ, ಚಿಕಿತ್ಸೆ ಇದೆ. ಹೊರಗಿನಿಂದ ಮೂವರೂ ಒಂದೇ ಥರ ಕಾಣುತ್ತಾರೆ. ಒಳಗೆ ಏನಾಗುತ್ತಿದೆ ಅಂತ ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ನಿಮ್ಮ ಮಗ ಮೊದಲು ಯಾವ ಥರದವನಾಗಿದ್ದರೂ ಸರಿ, ಈ ನಾಲ್ಕೈದು ತಿಂಗಳು ಬೇರೆ ಕಥೆ. ಸ್ವಭಾವ ಅನ್ನುವುದು ಹೀಗೆ ತಿಂಗಳುಗಳಲ್ಲಿ ತಿರುಗುವುದಿಲ್ಲ. ಇಷ್ಟಪಟ್ಟು ಮಾಡುತ್ತಿದ್ದ ಹಾಲಿನ ಲೆಕ್ಕ ಬಿಟ್ಟಿದ್ದಾನೆ ಅಂತ ಬರೆದಿದ್ದೀರಲ್ಲ, ಆ ಸಾಲಿನ ಹತ್ತಿರ ನಾನು ನಿಂತುಬಿಟ್ಟೆ. ಮಾತು ಕಡಿಮೆಯವನು ತನಗೆ ಇಷ್ಟವಾದದ್ದನ್ನು ಬಿಡುವುದಿಲ್ಲ. ಹೀಗೆ ಆಸಕ್ತಿ ಹೋಗುವುದು, ಮಂಕಾಗಿರುವುದು, ನಿದ್ದೆ ಊಟ ಏರುಪೇರಾಗುವುದು, ಗಮನ ನಿಲ್ಲದಿರುವುದು ಎರಡು ವಾರಕ್ಕಿಂತ ಹೆಚ್ಚು ಇದ್ದರೆ ಖಿನ್ನತೆ ಇರಬಹುದು ಅಂತ ನಾವು ಪರೀಕ್ಷೆ ಮಾಡುತ್ತೇವೆ. ಖಿನ್ನತೆಯೇ ಅಂತ ಪತ್ರ ಓದಿ ಹೇಳಲು ಬರುವುದಿಲ್ಲ. ಈ ವಯಸ್ಸಿನಲ್ಲಿ ಬೇರೆ ಕಾರಣಗಳೂ ಇರುತ್ತವೆ. ಫೇಲಾದ ವಿಷಯ ಮನೆಗೆ ಹೇಳದಿರುವುದು, ಪ್ರೀತಿ ಮುರಿದಿರುವುದು, ಕಾಲೇಜಿನಲ್ಲಿ ಜಾತಿ ಹಿಡಿದೋ ಬಟ್ಟೆಬರೆ ನೋಡಿಯೋ ಹಂಗಿಸುವುದು, ಗಾಂಜಾ. ಮೊಬೈಲ್‌ನಲ್ಲಿ ಬೆಟ್ಟಿಂಗ್ ಆಡಿ, ಸಾಲದ ಆಪ್‌ನಲ್ಲಿ ಸಿಕ್ಕಿಕೊಂಡವರನ್ನು ಈಚೆಗೆ ನಮ್ಮ ಹಳ್ಳಿಗಳಲ್ಲೂ ನೋಡುತ್ತಿದ್ದೇನೆ. ರಾತ್ರಿ ಎರಡು ಗಂಟೆಯವರೆಗೆ ಎದ್ದಿರುವವರಲ್ಲಿ ಇದನ್ನು ಕೇಳಲೇಬೇಕು. ಥೈರಾಯ್ಡ್, ಬಿ12 ಕೊರತೆಯಿಂದಲೂ ಮಂಕು ಕವಿಯಬಹುದು, ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ.

ಯಾರೋ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಅನ್ನುವುದು, ಒಬ್ಬನೇ ಮಾತಾಡಿಕೊಳ್ಳುವುದು, ಇಲ್ಲದ ದನಿ ಕೇಳಿಸುವುದು, ಸ್ನಾನ ಬಟ್ಟೆ ಪೂರ್ತಿ ಬಿಡುವುದು ಕಂಡರೆ ಆ ವಾರವೇ ಕರೆತನ್ನಿ. ‘ಗಾಳಿ ಸೋಕಿದೆ’ ಅಂತ ತಿಂಗಳುಗಟ್ಟಲೆ ಅಲೆಯಬೇಡಿ. ಕುರುಡುಮಲೆಗೆ ಹೋಗಿ ಕೈ ಮುಗಿದು ಬನ್ನಿ, ಬೇಡ ಅನ್ನುವುದಿಲ್ಲ. ಅಲ್ಲಿಂದ ಆಸ್ಪತ್ರೆಗೂ ಬನ್ನಿ.

ಮಗನ ಹತ್ತಿರ ಮಾತು ಹೇಗೆ ತೆಗೆಯುವುದು? ಎದುರಿಗೆ ಕೂರಿಸಿಕೊಂಡು, ಅಪ್ಪ, ಅಣ್ಣ, ಅಜ್ಜಿ ಸುತ್ತ ನಿಂತು ಕೇಳಬೇಡಿ. ಇಂಥ ಹುಡುಗರು ಕೈಯಲ್ಲಿ ಕೆಲಸ ಇದ್ದಾಗ, ಕಣ್ಣಲ್ಲಿ ಕಣ್ಣಿಟ್ಟು ನೋಡುವ ಅಗತ್ಯ ಇಲ್ಲದಾಗ ಮಾತಾಡುತ್ತಾರೆ. ಸಂಜೆ ಟೊಮೆಟೊ ಆರಿಸಿ ಬಾಕ್ಸಿಗೆ ತುಂಬುವಾಗ ಪಕ್ಕದಲ್ಲಿ ಕೂತುಕೊಳ್ಳಿ. ‘ಯಾಕೆ ಹೀಗಾಗಿದ್ದೀಯ’ ಅನ್ನುವುದು ಬೇಡ, ಅದು ಆರೋಪದ ಹಾಗೆ ಕೇಳಿಸುತ್ತದೆ. ‘ನೀನು ಹಾಲಿನ ಲೆಕ್ಕ ಬಿಟ್ಟಿದ್ದು ನೋಡಿದೆ. ರಾತ್ರಿ ನಿದ್ದೆ ಬರ್ತಿಲ್ಲ ಅಂತಲೂ ಗೊತ್ತು. ಏನೋ ಭಾರ ಹೊತ್ಕೊಂಡಿದ್ದೀಯ ಅನ್ಸುತ್ತೆ ಕಣೋ’ ಅನ್ನಿ. ಆಮೇಲೆ ನೀವು ಸುಮ್ಮನಿರಿ. ಅವನು ಎರಡು ಬಾಕ್ಸ್ ತುಂಬುವವರೆಗೂ ಏನೂ ಹೇಳದೆ ಇರಬಹುದು. ಆ ಮೌನವನ್ನು ನೀವು ಬುದ್ಧಿಮಾತಿನಿಂದ ತುಂಬಬೇಡಿ. ಮೊದಲ ದಿನ ‘ಏನಿಲ್ಲಮ್ಮ’ ಅನ್ನುತ್ತಾನೆ. ನಾಲ್ಕು ದಿನ ಬಿಟ್ಟು ಮತ್ತೆ ಕೂತುಕೊಳ್ಳಿ.

ಅವನು ‘ಬದುಕೋದೇ ಬೇಡ ಅನ್ಸುತ್ತೆ’ ಅನ್ನುವ ಥರ ಏನಾದರೂ ಅಂದರೆ ಮಾತು ಮರೆಸಬೇಡಿ. ‘ಸಾಯೋ ಯೋಚನೆ ಬರ್ತಿದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವ ಭಯ ಎಲ್ಲ ತಾಯಂದಿರಿಗೂ ಇದೆ. ಹಾಗೆ ಆಗುವುದಿಲ್ಲ. ಕೇಳಿದಾಗ ಹೆಚ್ಚಿನವರಿಗೆ ಎದೆ ಹಗುರವಾಗುತ್ತದೆ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಗಲು ರಾತ್ರಿ ಯಾವಾಗ ಬೇಕಾದರೂ 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮಗ ಮಾಡದಿದ್ದರೆ ನೀವೇ ಮಾಡಿ ಸಲಹೆ ಕೇಳಬಹುದು.

ಮನೆಯವರ ಮುಂದಿರುವ ಯೋಚನೆಗಳನ್ನು ನೋಡೋಣ. ಫ್ಯಾಕ್ಟರಿ ಕೆಲಸ ಕೆಟ್ಟದ್ದಲ್ಲ. ಚೆನ್ನಾಗಿರುವ ಹುಡುಗನಿಗೆ ಕೈಯಲ್ಲಿ ದುಡ್ಡು, ದಿನಕ್ಕೊಂದು ಶಿಸ್ತು ಬರುತ್ತದೆ. ಆದರೆ ಈಗಲೇ ನಿದ್ದೆ ಕೆಟ್ಟವನನ್ನು ವಾರಕ್ಕೊಂದು ಪಾಳಿಗೆ ಹಾಕಿ, ಗೊತ್ತಿಲ್ಲದ ರೂಮಿನಲ್ಲಿ ಬಿಟ್ಟರೆ ಖಿನ್ನತೆ ಹೆಚ್ಚಾಗುವ ಸಾಧ್ಯತೆ ಇದೆ, ಅದನ್ನು ಗಮನಿಸುವವರೂ ಇರುವುದಿಲ್ಲ. ಮೊದಲು ಪರೀಕ್ಷೆ ಆಗಲಿ. ಪರ್ಸನಾಲಿಟಿ ಕ್ಲಾಸಿಗೂ ಅದೇ ಮಾತು. ವೇದಿಕೆ ಮೇಲೆ ನಿಂತು ಮಾತಾಡುವುದು ಕಲಿಯಬಹುದಾದ ವಿದ್ಯೆ, ಸಂಕೋಚದವರಿಗೆ ಉಪಯೋಗವಾಗುತ್ತದೆ. ಭಯ ಇರುವವನನ್ನು ಮೊದಲ ದಿನವೇ ಐವತ್ತು ಜನರ ಮುಂದೆ ನಿಲ್ಲಿಸಿದರೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಮದುವೆಯ ಮಾತು ಬೇಡವೇ ಬೇಡ. ಕಾಯಿಲೆಗೆ ಹೆಣ್ಣನ್ನು ಔಷಧಿ ಮಾಡಿದರೆ ಎರಡು ಜೀವ ನರಳುತ್ತವೆ. ಇನ್ನು ‘ಕಾದು ನೋಡೋಣ’ ಅನ್ನುವುದು. ಬದಲಾವಣೆ ಬಂದು ಎರಡು ವಾರ ಆಗಿದ್ದರೆ ನಾನೂ ಒಪ್ಪುತ್ತಿದ್ದೆ. ನಾಲ್ಕೈದು ತಿಂಗಳು ಆಗಿದೆ. ಮಾನಸಿಕ ಕಾಯಿಲೆಗಳಲ್ಲಿ ಹೆಚ್ಚಿನವು 25 ವರ್ಷದೊಳಗೇ ಶುರುವಾಗುತ್ತವೆ. ಬೇಗ ಹಿಡಿದಷ್ಟೂ ಒಳ್ಳೆಯದು.

ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೂ ಗೊತ್ತಾದ ದಿನ ಬರುತ್ತಾರೆ. ಶ್ರೀನಿವಾಸಪುರದಲ್ಲಿ ಯಾವ ದಿನ ಅಂತ ನಿಮ್ಮ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಮಗನಿಗೆ 18 ದಾಟಿದೆ. ಚಿಕಿತ್ಸೆಗೆ ಅವನ ಒಪ್ಪಿಗೆ ಬೇಕು, ಅವನು ಹೇಳಿದ್ದನ್ನು ವೈದ್ಯರು ಗುಟ್ಟಾಗಿ ಇಡಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಹಾಗೆ ಹೇಳುತ್ತದೆ. ಆದ್ದರಿಂದ ‘ಕೆವೈಸಿ ಮಾಡಿಸೋಣ ಬಾ’ ಅಂತ ಸುಳ್ಳು ಹೇಳಿ ಕರೆತರಬೇಡಿ. ‘ನಿದ್ದೆ ಬರ್ತಿಲ್ಲವಲ್ಲ, ಅದನ್ನ ಒಮ್ಮೆ ತೋರಿಸೋಣ’ ಅನ್ನಿ, ಅದು ನಿಜವೂ ಹೌದು. ಒಳಗೆ ಬಂದ ಮೇಲೆ ಅವನ ಪರವಾಗಿ ನೀವು ಉತ್ತರ ಕೊಡಬೇಡಿ. ನಾನು ಹುಡುಗನಿಗೆ ‘ಊಟ ಸೇರುತ್ತಾ’ ಅಂತ ಕೇಳಿದರೆ ಅಪ್ಪ, ಅಮ್ಮ, ಮಾವ ಮೂವರೂ ಉತ್ತರ ಕೊಡುವುದು ದಿನವೂ ನಡೆಯುತ್ತದೆ. ಅವನೂ ವೈದ್ಯರೂ ಇಬ್ಬರೇ ಮಾತಾಡಲು ಬಿಡಿ.

ಖಿನ್ನತೆ ಅಂತ ಗೊತ್ತಾದರೆ, ಹಗುರವಾಗಿದ್ದಾಗ ವಾರಕ್ಕೊಮ್ಮೆ ಕೆಲವು ತಿಂಗಳು ಕೌನ್ಸೆಲಿಂಗ್ ಸಾಕಾಗಬಹುದು. ಇಲ್ಲದಿದ್ದರೆ ಮಾತ್ರೆಯೂ ಬೇಕಾಗುತ್ತದೆ. ಖಿನ್ನತೆಯ ಮಾತ್ರೆಗಳು ಚಟ ಹತ್ತಿಸುವುದಿಲ್ಲ. ಆದರೆ ಎರಡರಿಂದ ನಾಲ್ಕು ವಾರದ ತನಕ ಗುಣ ಕಾಣುವುದಿಲ್ಲ, ಅಷ್ಟರಲ್ಲಿ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಗುಣವಾಯಿತು ಅಂತ ದಿಢೀರ್ ನಿಲ್ಲಿಸಿದರೂ ತಲೆಸುತ್ತು, ಚಡಪಡಿಕೆ ಬರುತ್ತದೆ, ವೈದ್ಯರು ನಿಧಾನವಾಗಿ ಇಳಿಸಬೇಕು. ಇನ್ನೊಂದು ಎಚ್ಚರಿಕೆ. 25ರೊಳಗಿನ ಕೆಲವರಲ್ಲಿ ಮೊದಲ ಕೆಲವು ವಾರ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಾಗಬಹುದು. ಆ ದಿನಗಳಲ್ಲಿ ಕಣ್ಣಿಟ್ಟಿರಿ, ಮಾತ್ರೆ ನಿಮ್ಮ ಕೈಯಲ್ಲೇ ಇರಲಿ, ವ್ಯತ್ಯಾಸ ಕಂಡರೆ ತಕ್ಷಣ ವೈದ್ಯರಿಗೆ ತಿಳಿಸಿ.

ಚಿಕಿತ್ಸೆಯಿಂದ ಸ್ವಭಾವ ಬದಲಾಗುತ್ತದಾ? ಸ್ವಲ್ಪ ಬದಲಾಗುತ್ತದೆ. 2017ರಲ್ಲಿ 207 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಚಿಕಿತ್ಸೆ ಪಡೆದವರಲ್ಲಿ ಮುಖ್ಯವಾಗಿ ಮನಸ್ಸು ಬೇಗ ಕಲಕುವ ಗುಣ ಕಡಿಮೆಯಾಗಿತ್ತು. ಜನರ ಜೊತೆ ಬೆರೆಯುವುದೂ ಸ್ವಲ್ಪ ಹೆಚ್ಚಿತ್ತು. ಚಿಕಿತ್ಸೆ ಇಲ್ಲದೆಯೂ 20ರಿಂದ 40ರ ವಯಸ್ಸಿನ ನಡುವೆ ಜನ ಸಾಮಾನ್ಯವಾಗಿ ಜವಾಬ್ದಾರಿ, ತಾಳ್ಮೆಯಲ್ಲಿ ಬೆಳೆಯುತ್ತಾರೆ. ಅಷ್ಟಾದರೂ ನಿಮ್ಮ ಚಿಕ್ಕವನು ಮಂಡಿಯಲ್ಲಿ ರೇಟಿಗೆ ಕೂಗಾಡುವವನಾಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಗುಣವಾದ ಮೇಲೂ ನೆಂಟರು ಬಂದಾಗ ಅವನು ಕೊಟ್ಟಿಗೆಗೆ ಹೋಗಬಹುದು. ಹೋಗಲಿ ಬಿಡಿ.

ಕೊನೆಗೆ ಚಿಕ್ಕಪ್ಪನ ವಿಷಯ. ಹೇಳಿ ಅಮ್ಮ. ಮನೆಯಲ್ಲಿ ಯಾರೂ ಮಾತಾಡದಿದ್ದರೂ ಅವನಿಗೆ ಅರ್ಧಂಬರ್ಧ ಗೊತ್ತಿರುತ್ತದೆ, ಊರಿನಲ್ಲಿ ಯಾರೋ ಹೇಳಿರುತ್ತಾರೆ. ಅರ್ಧ ಗೊತ್ತಿದ್ದು, ಮೇಲೆ ‘ನೀನು ಅವನ ಹಾಗೇ’ ಅಂತ ಕೇಳಿಸಿಕೊಂಡರೆ ಆ ಹುಡುಗ ಏನು ಅಂದುಕೊಳ್ಳಬೇಕು? ತಾನೂ ಅಲ್ಲಿಗೇ ಹೋಗುವವನು ಅಂದುಕೊಳ್ಳುತ್ತಾನೆ. ಪೂರ್ತಿ ಹೇಳಿ. ಚಿಕ್ಕಪ್ಪನಿಗೆ ಕುಡಿತದ ಕಾಯಿಲೆ ಇತ್ತು, ಬಹುಶಃ ಖಿನ್ನತೆಯೂ ಇತ್ತು, ಯಾರೂ ಆಸ್ಪತ್ರೆಗೆ ತೋರಿಸಲಿಲ್ಲ ಅಂತ ಹೇಳಿ. ಹೇಗೆ ಸತ್ತ ಅನ್ನುವ ವಿವರ ಬೇಡ. ಕುಡಿತಕ್ಕೆ ಬೀಳುವ ಸಾಧ್ಯತೆಯಲ್ಲಿ ಸುಮಾರು ಅರ್ಧದಷ್ಟು ವಂಶದಿಂದ ಬರುತ್ತದೆ. ಆದ್ದರಿಂದ ಇಬ್ಬರೂ ಮಕ್ಕಳಿಗೆ ‘ನಮ್ಮ ಮನೆತನಕ್ಕೆ ಇದು ಬೇಗ ಹತ್ತುತ್ತದೆ, ಹುಷಾರು’ ಅಂತ ಒಟ್ಟಿಗೆ ಕೂರಿಸಿಕೊಂಡು ಹೇಳಿ. ಚಿಕ್ಕವನನ್ನು ಮಾತ್ರ ಕರೆದು ಹೇಳಬೇಡಿ. ಅದಕ್ಕೂ ಮೊದಲು ನಿಮ್ಮ ಅತ್ತೆಯವರ ಹತ್ತಿರ ಒಂದು ಸಲ ಒಬ್ಬರೇ ಮಾತಾಡಿ. ಅವರು ಮಗನನ್ನು ಕಳೆದುಕೊಂಡವರು. ಮೊಮ್ಮಗನಲ್ಲಿ ಅವನನ್ನು ಹುಡುಕುವುದು ಸಂಕಟದಿಂದಲೇ ಹೊರತು ಕೆಟ್ಟ ಮನಸ್ಸಿನಿಂದಲ್ಲ. ‘ಅತ್ತೆ, ನಿಮಗೆ ಅವರ ನೆನಪಾದಾಗ ನನ್ನ ಹತ್ತಿರ ಹೇಳಿ, ಹುಡುಗನ ಮುಂದೆ ಬೇಡ’ ಅಂದು ನೋಡಿ. ಒಪ್ಪಿದರೆ ಅವರನ್ನೂ ಒಂದು ದಿನ ಆಸ್ಪತ್ರೆಗೆ ಕರೆತನ್ನಿ. ಇಷ್ಟು ವರ್ಷ ಬಾಯಿ ಬಿಡದೆ ಇಟ್ಟುಕೊಂಡಿರುವ ದುಃಖಕ್ಕೂ ಚಿಕಿತ್ಸೆ ಬೇಕಾಗುತ್ತದೆ.